ಸೈಕಲ್ ಪಥ: ಶಂಕರಪುರಂನಂಥ ಹಳೆಯ ಬಡಾವಣೆಗಳಿಗೆ ಒಗ್ಗುವುದು ಯಾವುದು?

ಬೆಂಗಳೂರಿನ ಶಂಕರಪುರಂನಲ್ಲಿ ನಿಂತು ಸುತ್ತ ಒಂದು ವೃತ್ತ ಎಳೆದರೆ, ಎರಡು–ಎರಡೂವರೆ ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಾಂಧಿಬಜಾರ್, ಚಾಮರಾಜಪೇಟೆ, ವಿಶ್ವೇಶ್ವರಪುರ, ಕೃಷ್ಣರಾಜೇಂದ್ರ ಮಾರುಕಟ್ಟೆ, ಲಾಲ್‌ಬಾಗ್‌ನ ಪಶ್ಚಿಮ ದ್ವಾರ ಹಾಗೂ ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣ ಎಲ್ಲವೂ ಬಂದುಬಿಡುತ್ತವೆ. ಗಂಟೆಗೆ 12 ಕಿ.ಮೀ. ಎಂಬ ಸಾವಧಾನದ ವೇಗದಲ್ಲಿ ಹೋದರೂ ಎರಡು ಕಿ.ಮೀ. ದೂರವನ್ನು ಸೈಕಲ್ ಹತ್ತು ನಿಮಿಷದಲ್ಲಿ ಕ್ರಮಿಸುತ್ತದೆ. ಹೀಗಿದ್ದೂ ಈ ಭಾಗದ ಮನೆಗಳಲ್ಲಿ ಹಾಲು, ತರಕಾರಿ, ಶಾಲೆ, ದೇವಸ್ಥಾನ ಎಲ್ಲಕ್ಕೂ ಸ್ಕೂಟರ್ ಅಥವಾ ಕಾರಿನ ಕೀಲಿಕೈಯನ್ನೇ ಹುಡುಕುವುದು ರೂಢಿಯಾಗಿದೆ. ಇದಕ್ಕೆ ಜನರ ಸೋಮಾರಿತನವನ್ನು ದೂರುವವರಿದ್ದಾರೆ. ಆದರೆ ಹನ್ನೆರಡು ವರ್ಷದ ಮಗುವನ್ನು ಬುಲ್ ಟೆಂಪಲ್ ರಸ್ತೆಯಲ್ಲಿ ಸಂಜೆ ಐದು ಗಂಟೆಗೆ ಸೈಕಲ್ ಮೇಲೆ ಕಳುಹಿಸಲು ಯಾವ ತಾಯಿಯೂ ಒಪ್ಪಲಾರಳು ಎಂಬುದೇ ನಿಜವಾದ ಕಾರಣ.

ಸ್ಥಳೀಯ ಸಾರಿಗೆ ಯೋಜನೆಯಲ್ಲಿ ಸೈಕಲ್‌ಗೆ ಸ್ಥಾನ ನೀಡಬೇಕೆಂಬ ಬೇಡಿಕೆ ಬೆಂಗಳೂರಿಗೆ ಹೊಸದಲ್ಲ. ಕಳೆದ ಒಂದೂವರೆ ದಶಕದಲ್ಲಿ ಪ್ರಯೋಗಗಳೂ ನಡೆದಿವೆ, ವೆಚ್ಚವೂ ಆಗಿದೆ. ಅವುಗಳಲ್ಲಿ ಬಹುಪಾಲು ಏಕೆ ನಿಲ್ಲಲಿಲ್ಲ, ಕಾನೂನು ಏನು ಹೇಳುತ್ತದೆ, ಶಂಕರಪುರಂ, ಬಸವನಗುಡಿ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಿಗೆ ಯಾವ ಬಗೆಯ ವ್ಯವಸ್ಥೆ ಹೊಂದೀತು ಎಂಬುದರ ಪರಿಶೀಲನೆ ಇಲ್ಲಿದೆ.

ನಡೆಯುವವರಿಗಾಗಿ ಎಳೆದ ರಸ್ತೆಗಳು

ಚಾಮರಾಜಪೇಟೆ 1892ರ ಸುಮಾರಿಗೆ ರೂಪುಗೊಂಡ ಬಡಾವಣೆ. ಬಸವನಗುಡಿ ಮತ್ತು ಮಲ್ಲೇಶ್ವರ 1898ರ ಪ್ಲೇಗ್ ಪಿಡುಗಿನ ಬಳಿಕ ಭರದಿಂದ ಬೆಳೆದವು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಗಾಳಿ–ಬೆಳಕಿನ ಜಾಗಕ್ಕೆ ಕರೆತರುವುದೇ ಅಂದಿನ ಉದ್ದೇಶ. ಶೃಂಗೇರಿ ಶಂಕರ ಮಠದಿಂದ ಹೆಸರು ಪಡೆದ ಶಂಕರಪುರಂ ಇದೇ ವಿಸ್ತರಣೆಯ ಮುಂದುವರಿಕೆ. ಮೋಟಾರು ವಾಹನ ಎಂಬುದು ಅಪರೂಪವಾಗಿದ್ದ ಕಾಲದಲ್ಲಿ ಹಾಕಿದ ನಕ್ಷೆಯಾದ್ದರಿಂದ ಇಲ್ಲಿನ ರಸ್ತೆಗಳು ಚೌಕಳಿ ಜಾಲದಂತಿವೆ. ಒಂದು ದಾರಿ ತುಂಬಿದರೆ ಪಕ್ಕದ ಅಡ್ಡರಸ್ತೆ ಹಿಡಿಯಬಹುದು. ಸೈಕಲ್ ಸವಾರನಿಗೆ ಬೇಕಾದದ್ದೂ ಇಂಥ ಪರ್ಯಾಯವೇ. ಹೊರವಲಯದ ಹೊಸ ಬಡಾವಣೆಗಳಲ್ಲಿ ಎಲ್ಲರೂ ಒಂದೇ ಮುಖ್ಯರಸ್ತೆಗೆ ಬಂದು ಬೀಳಬೇಕು, ಇಲ್ಲಿ ಹಾಗಲ್ಲ.

ಈ ನಕ್ಷೆಯ ಇನ್ನೊಂದು ಅಂಗವನ್ನು ನಗರ ಮರೆತೇಬಿಟ್ಟಿದೆ. ಅದು ಮನೆಗಳ ಹಿತ್ತಿಲ ಹಿಂದೆ ಹಾಯುವ ಕನ್ಸರ್ವೆನ್ಸಿ ಓಣಿ. ಒಳಚರಂಡಿ ಬರುವ ಮುನ್ನ ಮಲ ಸಾಗಿಸಲೆಂದು ಬಿಟ್ಟ ಈ ಕಿರಿದಾದ ದಾರಿಗಳ ಹಿಂದೆ ಮನುಷ್ಯರನ್ನು ಅಮಾನುಷವಾಗಿ ದುಡಿಸಿಕೊಂಡ ಚರಿತ್ರೆಯಿದೆ ಎಂಬುದನ್ನು ಮರೆಯುವಂತಿಲ್ಲ. ಆ ಪದ್ಧತಿ ಹೋದ ಮೇಲೆ ಓಣಿಗಳಲ್ಲಿ ಹಲವು ಕಸದ ತಾಣಗಳಾದವು, ಕೆಲವನ್ನು ಅಕ್ಕಪಕ್ಕದವರೇ ನುಂಗಿದರು. ಮಲ್ಲೇಶ್ವರದಲ್ಲಿ ಇಂಥ ಕೆಲವು ಓಣಿಗಳನ್ನು ಶುಚಿಗೊಳಿಸಿ, ಗೋಡೆಗಳಿಗೆ ಚಿತ್ರ ಬಿಡಿಸಿ ಪಾದಚಾರಿಗಳಿಗೆ ತೆರೆಯುವ ಪ್ರಯತ್ನ ನಡೆದಿದೆ. ಕಾರು ನುಗ್ಗಲಾಗದ ಈ ಓಣಿಗಳು ಒಂದಕ್ಕೊಂದು ಕೂಡಿಕೊಂಡರೆ, ಭೂಸ್ವಾಧೀನವಿಲ್ಲದೆ ಸಿದ್ಧವಾಗಿ ಸಿಗುವ ಸೈಕಲ್ ದಾರಿಗಳಾಗಬಲ್ಲವು. ನಗರಕ್ಕೆ ಹೊಸ ರಸ್ತೆಗೆ ಜಾಗವಿಲ್ಲ ಎನ್ನುವವರು ತಮ್ಮ ಹಿತ್ತಿಲನ್ನೊಮ್ಮೆ ನೋಡಬೇಕು.

ಬೆಂಗಳೂರು ಸೈಕಲ್ ಸವಾರರ ಊರೂ ಆಗಿತ್ತು. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿಗೆ ರಸ್ತೆ ತುಂಬ ಸೈಕಲ್‌ಗಳೇ ಇರುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸೈಕಲ್ ಶಾಪ್ ಪ್ರತಿ ಬಡಾವಣೆಯಲ್ಲೂ ಇತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ ರೈಡಿಂಗ್ ಮಾಡಿದರೆ ಪೊಲೀಸರು ಹಿಡಿಯುತ್ತಿದ್ದರು. ಅಂದರೆ ಆಡಳಿತದ ಕಣ್ಣಿನಲ್ಲಿ ಸೈಕಲ್ ಕೂಡ ಒಂದು ವಾಹನವಾಗಿತ್ತು. ಇಂದು ನಗರದಲ್ಲಿ ನೋಂದಾಯಿತ ಮೋಟಾರು ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದ್ದು, ಅವುಗಳಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳು. ನೋಂದಣಿಯೇ ಇಲ್ಲದ ಸೈಕಲ್ ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ.

ಆದರೂ ಸೈಕಲ್ ಕಣ್ಮರೆಯಾಗಿಲ್ಲ. ಬೆಳಗಿನ ಜಾವ ಪತ್ರಿಕೆ ಹಂಚುವ ಹುಡುಗರು, ರಾತ್ರಿಪಾಳಿ ಮುಗಿಸಿ ಮನೆಗೆ ಮರಳುವ ಕಾವಲುಗಾರರು, ಮಾರುಕಟ್ಟೆಯಿಂದ ಹೂವಿನ ಮೂಟೆ ತರುವವರು, ಎಳನೀರು ಹೇರಿಕೊಂಡು ತಳ್ಳುತ್ತ ಬರುವವರು, ಚಾಕು–ಕತ್ತರಿ ಸಾಣೆ ಹಿಡಿಯುವವರು ಇಂದಿಗೂ ಸೈಕಲ್ ನಂಬಿ ಬದುಕುತ್ತಿದ್ದಾರೆ. ಸೈಕಲ್ ಪಥದ ಚರ್ಚೆಯಲ್ಲಿ ಇವರ ಹೆಸರೇ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಬೆಲೆಬಾಳುವ ಸೈಕಲ್‌ನಲ್ಲಿ ನಂದಿಬೆಟ್ಟಕ್ಕೆ ಹೋಗುವವರ ಹವ್ಯಾಸವೆಂದು ಈ ಬೇಡಿಕೆಯನ್ನು ಬದಿಗೆ ಸರಿಸುವುದು ಅಧಿಕಾರಿಗಳಿಗೆ ಸುಲಭವಾಗಿರುವುದೂ ಇದರಿಂದಲೇ.

ಜಯನಗರದ ಪಾಠ

ಶಂಕರಪುರಂನ ನೆರೆಯಲ್ಲೇ ಇರುವ ಜಯನಗರದಲ್ಲಿ 2012ರಲ್ಲಿ ನಗರದ ಮೊದಲ ವ್ಯವಸ್ಥಿತ ಸೈಕಲ್ ಪಥಗಳ ಜಾಲ ಸಿದ್ಧವಾಯಿತು. ಒಟ್ಟು ಉದ್ದ ನಲವತ್ತು ಕಿ.ಮೀ.ಗೂ ಹೆಚ್ಚೆಂದು ಹೇಳಲಾಗಿತ್ತು. ರಸ್ತೆಯ ಅಂಚಿನಲ್ಲಿ ಪಟ್ಟೆ ಎಳೆದು, ಸೈಕಲ್ ಚಿತ್ರವಿರುವ ಫಲಕಗಳನ್ನು ನೆಡಲಾಯಿತು. ಅಗಲವಾದ ರಸ್ತೆ, ಮರಗಳ ನೆರಳು, ಶಾಲಾ ಕಾಲೇಜುಗಳು, ಸಮತಟ್ಟಾದ ನೆಲ ಎಲ್ಲವೂ ಅನುಕೂಲಕರವಾಗಿದ್ದವು. ಆದರೆ ಸ್ವಲ್ಪ ಕಾಲದಲ್ಲೇ ಪಟ್ಟೆಯ ಮೇಲೆ ಕಾರುಗಳು ನಿಂತವು. ಸೈಕಲ್‌ಗೆಂದು ಮೀಸಲಿಟ್ಟ ಜಾಗ ಉಚಿತ ವಾಹನ ನಿಲುಗಡೆಯ ತಾಣವಾಯಿತು, ಬಣ್ಣ ಮಾಸಿತು, ಫಲಕ ಮಾತ್ರ ಉಳಿಯಿತು.

ಇದನ್ನು ಜನರ ಅಶಿಸ್ತು ಎಂದು ಮುಗಿಸಿಬಿಟ್ಟರೆ ಪಾಠ ಕಲಿತಂತಾಗುವುದಿಲ್ಲ. ಪಥವನ್ನು ರಸ್ತೆಯಿಂದ ಬೇರ್ಪಡಿಸುವ ಅಂಚುಗಲ್ಲು ಇರಲಿಲ್ಲ. ಮೊದಲು ಅಲ್ಲಿ ನಿಲ್ಲುತ್ತಿದ್ದ ಕಾರುಗಳು ಎಲ್ಲಿಗೆ ಹೋಗಬೇಕೆಂದು ಯಾರೂ ನಿರ್ಧರಿಸಿರಲಿಲ್ಲ. ಅಪಾಯ ಹೆಚ್ಚಿರುವುದು ಕೂಡುರಸ್ತೆಗಳಲ್ಲಿ, ಪಟ್ಟೆ ಕೊನೆಗೊಳ್ಳುತ್ತಿದ್ದುದೂ ಅಲ್ಲೇ. ಪಥ ನಿರ್ಮಿಸುವುದು ಪಾಲಿಕೆ, ಅದರ ಮೇಲೆ ನಿಂತ ವಾಹನಕ್ಕೆ ದಂಡ ಹಾಕುವುದು ಸಂಚಾರ ಪೊಲೀಸರು. ಇವರಿಬ್ಬರ ನಡುವೆ ನಿತ್ಯದ ಹೊಂದಾಣಿಕೆಯಿಲ್ಲದೆ ಬಣ್ಣಕ್ಕೆ ಕಿಮ್ಮತ್ತಿಲ್ಲ.

ಎರಡನೆಯ ದೊಡ್ಡ ಪ್ರಯೋಗ ಹೊರವರ್ತುಲ ರಸ್ತೆಯದು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ನಗರಗಳ ನಡುವೆ ಸೈಕಲ್ ಸ್ನೇಹಿ ಸ್ಪರ್ಧೆಯನ್ನು ಏರ್ಪಡಿಸಿತು. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಸುಮಾರು 17 ಕಿ.ಮೀ. ಉದ್ದದ ತಾತ್ಕಾಲಿಕ ಪಥವನ್ನು ಕಂಬಗಳನ್ನು ನೆಟ್ಟು ರೂಪಿಸಲು ಮುಂದಾಯಿತು. 2021ರಲ್ಲಿ ಸ್ಪರ್ಧೆಯ ವಿಜೇತ ನಗರಗಳ ಪಟ್ಟಿಯಲ್ಲಿ ಬೆಂಗಳೂರೂ ಇತ್ತು. ಆದರೆ ಕಂಬಗಳು ಮುರಿದವು, ಪಥದೊಳಗೆ ಬೈಕ್‌ಗಳು ನುಗ್ಗಿದವು, ಮೆಟ್ರೋ ಕಾಮಗಾರಿ ಆರಂಭವಾದಾಗ ಪಥವೇ ತುಂಡಾಯಿತು. ಮೆಟ್ರೋ ಬರುವುದು ಮೊದಲೇ ತಿಳಿದಿದ್ದ ಸಂಗತಿ. ಎರಡು ಇಲಾಖೆಗಳ ನಕ್ಷೆಗಳು ಒಂದೇ ಮೇಜಿನ ಮೇಲೆ ಬರಲಿಲ್ಲ ಎನ್ನದೆ ವಿಧಿಯಿಲ್ಲ.

ಕೇಂದ್ರ ಭಾಗದಲ್ಲಿ ಟೆಂಡರ್ ಶ್ಯೂರ್ ಹಾಗೂ ಸ್ಮಾರ್ಟ್ ಸಿಟಿ ಯೋಜನೆಗಳಡಿ ಕೆಲವು ರಸ್ತೆಗಳಿಗೆ ಅಗಲವಾದ ಪಾದಚಾರಿ ಮಾರ್ಗವೂ ಅಲ್ಲಲ್ಲಿ ಸೈಕಲ್ ಪಟ್ಟಿಯೂ ದೊರೆತವು. ಕೆಲಸದ ಗುಣಮಟ್ಟ ಉತ್ತಮವೇ. ಆದರೆ ಒಂದು ರಸ್ತೆಯ ಪಟ್ಟಿ ಇನ್ನೊಂದನ್ನು ಮುಟ್ಟುವುದಿಲ್ಲ. ಅರ್ಧ ಕಿ.ಮೀ. ಸುರಕ್ಷಿತವಾಗಿ ಸಾಗಿ, ಮುಂದಿನ ವೃತ್ತದಲ್ಲಿ ಬಸ್ಸು–ಲಾರಿಗಳ ನಡುವೆ ಇಳಿಯಬೇಕೆಂದರೆ ಯಾರೂ ಹೊರಡುವುದೇ ಇಲ್ಲ. ಸ್ಪೇನ್‌ನ ಸೆವಿಲ್ ನಗರದ ಅನುಭವ ಇಲ್ಲಿ ಉಲ್ಲೇಖಾರ್ಹ. ಸೈಕಲ್ ಸಂಪ್ರದಾಯವೇ ಇಲ್ಲದ, ಬೇಸಿಗೆಯಲ್ಲಿ ಬೆಂಗಳೂರಿಗಿಂತ ಬಹಳ ಬಿಸಿಯಾದ ಆ ನಗರ 2006ರಿಂದ 2010ರೊಳಗೆ ನೂರು ಕಿ.ಮೀ. ಮೀರಿದ, ಅಂಚುಗಲ್ಲಿನಿಂದ ಬೇರ್ಪಟ್ಟ, ಒಂದಕ್ಕೊಂದು ಕೂಡಿಕೊಂಡ ಪಥಗಳನ್ನು ಒಮ್ಮೆಲೇ ಕಟ್ಟಿತು. ಸವಾರರು ಆ ಬಳಿಕ ಬಂದರು.

ಮೈಸೂರಿನದು ಬೇರೆ ಬಗೆಯ ಕಥೆ. ಅಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್, 48 ನಿಲ್ದಾಣಗಳೊಂದಿಗೆ 'ಟ್ರಿಣ್ ಟ್ರಿಣ್' ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಆರಂಭವಾಯಿತು. ಬೆಂಗಳೂರಿನಲ್ಲೂ 2017–18ರಲ್ಲಿ ಹಲವು ಖಾಸಗಿ ಕಂಪನಿಗಳು ಆ್ಯಪ್ ಆಧಾರಿತ ಸೈಕಲ್‌ಗಳನ್ನು ಬೀದಿಗಿಳಿಸಿದವು. ಕೆಲವು ಮುಚ್ಚಿದವು, ಯುಲು ಸಂಸ್ಥೆ ಪೆಡಲ್ ಬಿಟ್ಟು ಬ್ಯಾಟರಿ ವಾಹನದತ್ತ ಹೊರಳಿತು. ಸವಾರಿಗೆ ಸೈಕಲ್ ಒದಗಿಸಿದರೆ ಸಾಲದು, ದಾರಿಯೂ ಬೇಕೆಂಬುದನ್ನು ಇದು ತೋರಿಸಿತು. 2006–07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಿಸಿತು, ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು. ವರ್ಷವರ್ಷವೂ ಲಕ್ಷಾಂತರ ಸೈಕಲ್ ಹಂಚಿದ ಸರ್ಕಾರ ಆ ಮಕ್ಕಳು ತುಳಿಯುವ ರಸ್ತೆಯ ಬಗ್ಗೆ ಅದೇ ಉತ್ಸಾಹ ತೋರಲಿಲ್ಲ.

ನಿಯಮ, ನೀತಿ, ಕರಡು

ಸೈಕಲ್ ಪಥಕ್ಕೆ ಮಾನದಂಡವೇ ಇಲ್ಲ ಎಂಬ ಮಾತು ಸರಿಯಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ 1962ರಲ್ಲೇ ಇದಕ್ಕಾಗಿ 11ನೇ ಸಂಖ್ಯೆಯ ಸಂಹಿತೆಯನ್ನು ಪ್ರಕಟಿಸಿತ್ತು. 2015ರಲ್ಲಿ ಅದು ಪರಿಷ್ಕೃತವಾಯಿತು. ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ವಾಹನಗಳು ಓಡಾಡುವ ರಸ್ತೆಯಲ್ಲಿ, ದಟ್ಟಣೆಯ ಗಂಟೆಯಲ್ಲಿ ಕೇವಲ 100 ಸೈಕಲ್‌ಗಳಿದ್ದರೂ ಪ್ರತ್ಯೇಕ ಪಥ ಸಮರ್ಥನೀಯ ಎಂಬುದು 1962ರ ಸಂಹಿತೆಯ ಮಾತು. ಪಥದ ಕನಿಷ್ಠ ಅಗಲ 2 ಮೀಟರ್. ಸಂಜೆಯ ಹೊತ್ತು ಬುಲ್ ಟೆಂಪಲ್ ರಸ್ತೆಯಲ್ಲಿ ಇನ್ನೂರು ವಾಹನಗಳೆಂದರೆ ಕೆಲವೇ ನಿಮಿಷಗಳ ಲೆಕ್ಕ. ಉಳಿದದ್ದು ನೂರು ಸೈಕಲ್‌ಗಳ ಷರತ್ತು. ಸುರಕ್ಷತೆಯಿಲ್ಲದ ಕಾರಣ ಸವಾರರು ಇಳಿದುಹೋದ ಮೇಲೆ, ಅವರಿಲ್ಲವೆಂದು ಪಥವನ್ನು ನಿರಾಕರಿಸುವುದು, ಬಾಗಿಲು ಮುಚ್ಚಿದ ಅಂಗಡಿಗೆ ಗಿರಾಕಿ ಬರಲಿಲ್ಲವೆಂದು ದೂರಿದಂತೆ.

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳನ್ನಲ್ಲ, ಜನರನ್ನು ಸಾಗಿಸುವುದು ಮುಖ್ಯವೆಂದು ಸಾರಿತು. 2021ರ ಅಂತ್ಯದಲ್ಲಿ ಕರ್ನಾಟಕದ ನಗರ ಭೂಸಾರಿಗೆ ನಿರ್ದೇಶನಾಲಯ ಪಾದಚಾರಿಗಳ ಹಾಗೂ ಸೈಕಲ್ ಸವಾರರ ಹಕ್ಕುಗಳನ್ನು ಗುರುತಿಸುವ ಮಸೂದೆಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. 2022ರ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಕಾಯ್ದೆಯಂತೆ ಸಮಗ್ರ ಸಾರಿಗೆ ಯೋಜನೆಯ ಹೊಣೆ ಪ್ರಾಧಿಕಾರದ್ದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 138(1ಎ) ಉಪವಿಧಿ, ಯಂತ್ರಚಾಲಿತವಲ್ಲದ ವಾಹನಗಳಿಗೆ ಮತ್ತು ಪಾದಚಾರಿಗಳಿಗೆ ಸಂಬಂಧಿಸಿದ ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯಗಳಿಗೆ ನೀಡಿದೆ. ಆರು ತಿಂಗಳೊಳಗೆ ಇಂಥ ನಿಯಮ ರಚಿಸುವಂತೆ ಸರ್ವೋಚ್ಚ ನ್ಯಾಯಾಲಯ 2025ರ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ಕಾಗದಕ್ಕೆ ಕೊರತೆಯಿಲ್ಲ ಎಂಬುದು ಇದರಿಂದ ಸ್ಪಷ್ಟ.

ಒಳರಸ್ತೆಗೆ ಪಥಕ್ಕಿಂತ ವೇಗಮಿತಿ ಮೇಲು

ಶಂಕರಪುರಂನ ಅಡ್ಡರಸ್ತೆಗಳಲ್ಲಿ ಎರಡೂ ಬದಿ ವಾಹನ ನಿಂತ ಮೇಲೆ ಉಳಿಯುವ ಜಾಗದಲ್ಲಿ 2 ಮೀಟರ್ ಪಥವನ್ನು ಎಳೆಯಲಾಗದು. ಎಳೆದರೂ ಸೈಕಲ್ ನುಗ್ಗುವಷ್ಟು ಸಂದಿಯಲ್ಲಿ ಬೈಕ್ ಕೂಡ ನುಗ್ಗುತ್ತದೆ. ಇದು ನಮ್ಮ ನಗರಗಳಿಗೇ ವಿಶಿಷ್ಟವಾದ ತೊಡಕು, ಐರೋಪ್ಯ ಕೈಪಿಡಿಗಳಲ್ಲಿ ಇದಕ್ಕೆ ಉತ್ತರ ಸಿಗದು. ಆದ್ದರಿಂದ ಹಳೆಯ ಬಡಾವಣೆಯ ಒಳರಸ್ತೆಗಳಲ್ಲಿ ಪ್ರತ್ಯೇಕ ಪಥಕ್ಕಿಂತ ಇಡೀ ಬಡಾವಣೆಗೆ ಗಂಟೆಗೆ 30 ಕಿ.ಮೀ. ವೇಗಮಿತಿ ಹೆಚ್ಚು ಪ್ರಯೋಜನಕಾರಿ. ವೇಗ ಇಮ್ಮಡಿಯಾದರೆ ಢಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ವಾಹನಗಳೂ ಪಾದಚಾರಿ–ಸೈಕಲ್ ಸವಾರರೂ ಬೆರೆಯುವ ಕಡೆ 30 ಕಿ.ಮೀ. ಮಿತಿ ಇರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದೆ. ಬ್ರಸೆಲ್ಸ್ 2021ರ ಜನವರಿಯಿಂದ ಬಹುತೇಕ ಎಲ್ಲ ರಸ್ತೆಗಳಿಗೂ ಇದನ್ನೇ ಅನ್ವಯಿಸಿತು. ಬರಿಯ ಫಲಕದಿಂದ ವೇಗ ಇಳಿಯದು. ಅಡ್ಡರಸ್ತೆಯ ಬಾಯಲ್ಲಿ ಪಾದಚಾರಿ ಮಾರ್ಗದ ಮಟ್ಟಕ್ಕೆ ಎತ್ತರಿಸಿದ ದಾಟುಕಟ್ಟೆ, ಕಿರಿದಾದ ತಿರುವು, ಒಂದು ತುದಿಯಲ್ಲಿ ಮೋಟಾರಿಗೆ ತಡೆ ಇವು ಬೇಕು. ಎಲ್ಲೆಂದರಲ್ಲಿ ಎಬ್ಬಿಸುವ ಡಾಂಬರಿನ ದಿಬ್ಬಗಳು ಸ್ಕೂಟರಿಗಿಂತ ಸೈಕಲಿಗೇ ಹೆಚ್ಚು ಹಿಂಸೆ.

ಏಕಮುಖ ಸಂಚಾರ ಇನ್ನೊಂದು ತೊಡಕು. ಮೋಟಾರು ವಾಹನಗಳ ಹರಿವಿಗಾಗಿ ಮಾಡಿದ ಈ ಏರ್ಪಾಡಿನಲ್ಲಿ ಬೈಕಿಗೆ ಅರ್ಧ ಕಿ.ಮೀ. ಸುತ್ತು ಒಂದು ನಿಮಿಷ, ಸೈಕಲ್‌ಗೆ ಮೂರು ನಿಮಿಷ ಮತ್ತು ಬೆವರು. ಫ್ರಾನ್ಸ್ 2008ರಲ್ಲಿ 30 ಕಿ.ಮೀ. ವಲಯದ ಏಕಮುಖ ರಸ್ತೆಗಳಲ್ಲಿ ಸೈಕಲ್‌ಗೆ ಎದುರು ದಿಕ್ಕಿನ ಸಂಚಾರವನ್ನು ಸಾಮಾನ್ಯ ನಿಯಮವಾಗಿಸಿತು. ನಮ್ಮಲ್ಲಿ ಪತ್ರಿಕೆಯ ಹುಡುಗರು ಅದನ್ನೇ ನಿಯಮ ಮುರಿದು ಮಾಡುತ್ತಿದ್ದಾರೆ.

ಮುಖ್ಯರಸ್ತೆಗಳ ವಿಷಯ ಬೇರೆ. ಬುಲ್ ಟೆಂಪಲ್ ರಸ್ತೆ, ಕೆ.ಆರ್. ರಸ್ತೆ, ವಾಣಿವಿಲಾಸ ರಸ್ತೆಗಳಲ್ಲಿ ವೇಗವೂ ಬಸ್ಸುಗಳೂ ಇರುವುದರಿಂದ ಅಂಚುಗಲ್ಲಿನ ಬೇರ್ಪಡೆಯಿಲ್ಲದ ಪಥ ನಿಷ್ಪ್ರಯೋಜಕ. ಬಸ್ ನಿಲ್ದಾಣದಲ್ಲಿ ಪಥವನ್ನು ನಿಲ್ದಾಣದ ಹಿಂಬದಿಯಿಂದ ಒಯ್ಯಬೇಕು. ಇಲ್ಲವಾದರೆ ಪ್ರತಿ ಬಸ್ಸೂ ಸವಾರನನ್ನು ಅಂಚಿಗೆ ಒತ್ತುತ್ತದೆ.

ಸಣ್ಣ ಸಂಗತಿಗಳೂ ಪ್ರಾಣ ಉಳಿಸುತ್ತವೆ. ಚರಂಡಿಯ ಕಬ್ಬಿಣದ ಜಾಲರಿಯ ಸಲಾಕೆಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತದೆ, ಅಡ್ಡಲಾಗಿ ಇಡಬೇಕು. ವೈಟ್ ಟಾಪಿಂಗ್ ಮಾಡಿದ ರಸ್ತೆಯಲ್ಲಿ ಕಾಂಕ್ರೀಟ್ ಮತ್ತು ಬದಿಯ ನಡುವಣ ಎತ್ತರದ ವ್ಯತ್ಯಾಸವನ್ನು ತುಂಬಬೇಕು. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟರಿಂದ ಹತ್ತು ಸೈಕಲ್ ನಿಲ್ಲುತ್ತವೆ. ಆದರೆ ಮುಂಚಕ್ರವನ್ನಷ್ಟೇ ಹಿಡಿಯುವ ಚೌಕಟ್ಟಲ್ಲ, ಸೈಕಲ್‌ನ ಚೌಕಟ್ಟಿಗೇ ಬೀಗ ಹಾಕಬಹುದಾದ ಬಾಗುಕಂಬಿ ಬೇಕು. ನ್ಯಾಷನಲ್ ಕಾಲೇಜು ನಿಲ್ದಾಣ ಇರುವ ಹಸಿರು ಮಾರ್ಗದಲ್ಲೇ ಆರ್.ವಿ. ರಸ್ತೆ ನಿಲ್ದಾಣವೂ ಇದೆ. 2025ರ ಆಗಸ್ಟ್‌ನಲ್ಲಿ ಅಲ್ಲಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆಯಿತು. ಇಲ್ಲಿನವರು ನಿಲ್ದಾಣದವರೆಗೆ ಸೈಕಲ್‌ನಲ್ಲಿ ಹೋಗಿ ಎಲೆಕ್ಟ್ರಾನಿಕ್ ಸಿಟಿ ತಲುಪುವುದು ಈಗ ಸಾಧ್ಯ, ಸಂಜೆ ಮರಳುವಾಗ ಸೈಕಲ್ ಅಲ್ಲೇ ಇದ್ದರೆ. ಮಡಚುವ ಸೈಕಲ್‌ಗಳನ್ನು ರೈಲಿನಲ್ಲಿ ಒಯ್ಯಲು ಮೆಟ್ರೋ ನಿಗಮ 2022ರಲ್ಲಿ ಅವಕಾಶ ನೀಡಿತು. ಅಂಥ ಸೈಕಲ್ ಕೊಳ್ಳಬಲ್ಲವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ವ್ಯಾಪಾರಿಗಳ ಆತಂಕ

ವಾಹನ ನಿಲುಗಡೆ ಕಡಿಮೆಯಾದರೆ ವ್ಯಾಪಾರ ಕುಸಿಯುತ್ತದೆ ಎಂಬ ಆಕ್ಷೇಪ ಗಾಂಧಿಬಜಾರ್ ಮರುವಿನ್ಯಾಸದ ಸಂದರ್ಭದಲ್ಲಿ ಬಲವಾಗಿ ಕೇಳಿಬಂತು. ಅದನ್ನು ಹಗುರವಾಗಿ ಕಾಣುವುದು ತಪ್ಪು. ಕಾಮಗಾರಿ ತಿಂಗಳುಗಟ್ಟಲೆ ಎಳೆದಾಗ ನಷ್ಟ ಅನುಭವಿಸಿದ್ದು ಅಂಗಡಿಯವರೂ ಬೀದಿಬದಿಯ ಹೂವು–ಹಣ್ಣು ಮಾರುವವರೂ. ಆದರೆ ಕಾಮಗಾರಿಯ ವಿಳಂಬ ಬೇರೆ, ವಿನ್ಯಾಸದ ದೋಷ ಬೇರೆ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧ ಹಾಕುತ್ತಾರೆ. ವ್ಯಾಪಾರ ಅಂದೇ ಜೋರು. ಪರಿಷೆಯನ್ನು ನಿತ್ಯದ ಮಾದರಿಯಾಗಿಸಲಾಗದು ನಿಜ, ಆದರೂ ಕೊಳ್ಳುವವರು ಕಾಲ್ನಡಿಗೆಯಲ್ಲೇ ಬರುತ್ತಾರೆ ಎಂಬುದಕ್ಕೆ ಈ ಬಡಾವಣೆಗೆ ಹೊರಗಿನ ಸಾಕ್ಷ್ಯ ಬೇಕಿಲ್ಲ.

ಹಣವಿಲ್ಲವೆಂಬ ವಾದವೂ ಉಂಟು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುಮಾರು 17 ಕಿ.ಮೀ. ಸುರಂಗ ರಸ್ತೆಗೆ ಹದಿನೇಳು ಸಾವಿರ ಕೋಟಿ ರೂಪಾಯಿ ಮೀರಿದ ಅಂದಾಜು ತಯಾರಿಸಿದ ನಗರದಲ್ಲಿ, ದಾಟುಕಟ್ಟೆ ಮತ್ತು ಬಾಗುಕಂಬಿಗೆ ಹಣವಿಲ್ಲ ಎಂಬುದನ್ನು ಒಪ್ಪುವುದು ಕಷ್ಟ.

ಎಲ್ಲಿ, ಯಾವಾಗ ಕೇಳಬೇಕು

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಒಳರಸ್ತೆಯ ಕಾಮಗಾರಿ ಪಾಲಿಕೆಯ ವಾರ್ಡ್ ಎಂಜಿನಿಯರ್ ವ್ಯಾಪ್ತಿಗೆ ಸೇರಿದ್ದು. ಏಕಮುಖ ಸಂಚಾರ ಮತ್ತು ವೇಗಮಿತಿಯ ಬದಲಾವಣೆಗೆ ಸಂಚಾರ ಪೊಲೀಸ್ ಅಧಿಸೂಚನೆ ಬೇಕು. ಮೆಟ್ರೋ ಆವರಣದ ನಿಲುಗಡೆ ಮೆಟ್ರೋ ನಿಗಮದ್ದು. ಒಂದೇ ಅರ್ಜಿಯನ್ನು ಒಬ್ಬರಿಗೇ ಕೊಟ್ಟರೆ ಅದು ಇನ್ನೊಬ್ಬರ ಕಡೆಗೆ ಬೆರಳು ತೋರಿಸಿ ಮರಳುತ್ತದೆ. ಆದ್ದರಿಂದ ಮೂವರಿಗೂ ಸಲ್ಲಿಸಿ, ಭೂಸಾರಿಗೆ ನಿರ್ದೇಶನಾಲಯಕ್ಕೆ ಪ್ರತಿ ಕಳುಹಿಸುವುದು ಒಳಿತು.

ಅರ್ಜಿಯ ಜೊತೆ ಲೆಕ್ಕವಿದ್ದರೆ ಅದಕ್ಕೆ ತೂಕ ಬರುತ್ತದೆ. ಶಾಲೆ ಬಿಡುವ ಹೊತ್ತು ಹಾಗೂ ಬೆಳಗಿನ ಆರರಿಂದ ಎಂಟು ಗಂಟೆ, ಹೀಗೆ ಎರಡು ಅವಧಿಗಳಲ್ಲಿ ಒಂದು ವೃತ್ತದಲ್ಲಿ ಕುಳಿತು ಸೈಕಲ್‌ಗಳನ್ನು ಎಣಿಸುವುದಕ್ಕೆ ಯಾವ ಅನುಮತಿಯೂ ಬೇಡ. ಸಂಜೆಯ ಎಣಿಕೆಯಷ್ಟೇ ಇದ್ದರೆ ಪತ್ರಿಕೆ ಹಂಚುವವರೂ ಹೂವಿನವರೂ ಲೆಕ್ಕಕ್ಕೆ ಸಿಗುವುದಿಲ್ಲ. ಶಂಕರಪುರಂನಿಂದ ಮೆಟ್ರೋ ನಿಲ್ದಾಣಕ್ಕೂ ಸುತ್ತಲ ಶಾಲೆಗಳಿಗೂ ಕೂಡುವ ಎರಡು–ಮೂರು ಒಳದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿ, ಮುಚ್ಚಿಹೋದ ಕನ್ಸರ್ವೆನ್ಸಿ ಓಣಿಗಳ ಪಟ್ಟಿಯನ್ನು ಜೊತೆಗಿಡಬಹುದು. ರಸ್ತೆಗೆ ಹೊಸದಾಗಿ ಡಾಂಬರು ಹಾಕುವ ಇಲ್ಲವೇ ಒಳಚರಂಡಿ ಕೊಳವೆ ಬದಲಿಸುವ ಕಾಮಗಾರಿಯ ಅಂದಾಜು ಪಟ್ಟಿ ಸಿದ್ಧವಾಗುತ್ತಿರುವಾಗಲೇ ಈ ಬೇಡಿಕೆ ಎಂಜಿನಿಯರ್ ಮೇಜಿನಲ್ಲಿರಬೇಕು. ಗುತ್ತಿಗೆದಾರನಿಗೆ ಕಾರ್ಯಾದೇಶ ಹೊರಟ ಮೇಲೆ ಜಾಲರಿಯ ಸಲಾಕೆಯ ದಿಕ್ಕನ್ನು ಬದಲಿಸುವುದೂ ಸುಲಭವಲ್ಲ.